ದಾವಣಗೆರೆ–ದುರ್ಗದ ಚಳಿಗೆ ಲೇಸ್ ಹೆಣಿಗೆ: ಮನೆಯವರಿಗೊಂದು ಕೌಲ್, ಒಂದು ಹುಡ್

ನಮ್ಮ ಕಡೆಯ ಚಳಿ ಇಡೀ ದಿನದ್ದಲ್ಲ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಜಾವ ಕಿವಿ ಕೊರೆಯುತ್ತದೆ, ಹತ್ತು ಗಂಟೆಗೆಲ್ಲ ಬಿಸಿಲು ಚುರುಗುಟ್ಟುತ್ತದೆ. ಚಿತ್ರದುರ್ಗದವರಿಗೆ ಇದರ ಜೊತೆ ಗಾಳಿ ಬೇರೆ. ಊರ ಸುತ್ತಲಿನ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿರುವುದು ಸುಮ್ನೆ ಅಲ್ಲವಲ್ಲ! ಇಂಥ ಹವೆಗೆ ದಪ್ಪ ಸ್ವೆಟರ್, ಮಂಕಿ ಟೋಪಿ ಹೆಣೆದು ಕೊಟ್ಟರೆ ಒಂದು ದಿನ ಹಾಕಿಕೊಂಡು, "ತುಂಬಾ ಚೆನ್ನಾಗಿದೆ" ಎಂದು ಹೊಗಳಿ, ನುಸಿ ಗುಳಿಗೆಯ ಜೊತೆ ಬೀರುವಿಗೆ ಸೇರಿಸುತ್ತಾರೆ. ಉಡುಗೊರೆ ದಿನಾ ಬಳಕೆಗೆ ಬರಬೇಕು ಅಂದರೆ ಅದು ಹಗುರ ಇರಬೇಕು, ಬಿಸಿಲೇರಿದ ಮೇಲೆ ತೆಗೆದು ಮಡಚಿ ಬ್ಯಾಗಿನ ಮೂಲೆಗೆ ತುರುಕುವ ಹಾಗಿರಬೇಕು. ಅದಕ್ಕೇ ನಾನು ಲೇಸ್ ಹೆಣಿಗೆ ಅನ್ನುವುದು.

ಲೇಸ್ ಅಂದರೆ ಬೇಕೆಂದೇ ತೂತು ಬಿಟ್ಟು ಹೆಣೆಯುವುದು. ತೂತಿದ್ದರೆ ಗಾಳಿ ನುಗ್ಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕೌಲ್ ವಿಷಯದಲ್ಲಿ ಹಾಗಾಗುವುದಿಲ್ಲ. ಕೌಲ್ ಎಂದರೆ ಎರಡು ತುದಿ ಸೇರಿಸಿದ ಮಫ್ಲರ್ ಇದ್ದ ಹಾಗೆ, ತಲೆಯ ಮೇಲಿಂದ ತೂರಿಸಿ ಕತ್ತಿಗೆ ಇಳಿಸಿಕೊಳ್ಳುವುದು. ಕತ್ತಿನ ಹತ್ತಿರ ಅದು ಎರಡು ಮೂರು ಮಡಿಕೆಯಾಗಿ ಕೂರುತ್ತದೆ. ಒಂದು ಮಡಿಕೆಯ ತೂತನ್ನು ಇನ್ನೊಂದು ಮಡಿಕೆ ಮುಚ್ಚುತ್ತದೆ, ನಡುವೆ ನಿಂತ ಗಾಳಿ ಬೆಚ್ಚಗಿರುತ್ತದೆ. ಹುಡ್, ಅಂದರೆ ಕತ್ತಿನಿಂದ ಮೇಲೆದ್ದು ತಲೆ, ಕಿವಿ ಮುಚ್ಚುವ ಟೋಪಿ, ಹಾಗಲ್ಲ. ತಲೆಯ ಮೇಲೆ ಅದು ಒಂದೇ ಪದರ. ಆದ್ದರಿಂದ ಗಾಳಿಗೆ ಓಡಾಡುವವರ ಹುಡ್‌ಗೆ ಹೆಣಿಗೆ ಕಡ್ಡಿ ಸ್ವಲ್ಪ ಸಣ್ಣದು ತೆಗೆದುಕೊಂಡು ತೂತು ಚಿಕ್ಕದು ಮಾಡಬೇಕು.

ಇದು ಸೀದಾ, ಉಲ್ಟಾ ಎರಡೂ ಹೆಣೆಯಲು ಬರುವವರಿಗೆ ಬರೆದದ್ದು. ಅದಕ್ಕಿಂತ ಹೆಚ್ಚೇನೂ ಗೊತ್ತಿರಬೇಕಿಲ್ಲ.

ಮೊದಲು ಹಾಕಿಕೊಳ್ಳುವವರನ್ನು ನೋಡಿ

ಉಲ್ಲನ್ ತರುವ ಮೊದಲು, ಯಾರಿಗೆ ಹೆಣೆಯುತ್ತಿದ್ದೀರೋ ಅವರು ಬೆಳಿಗ್ಗೆ ಏನು ಮಾಡುತ್ತಾರೆ ಎಂದು ಯೋಚಿಸಿ. ಕುಂದುವಾಡ ಕೆರೆ ಏರಿ ಮೇಲೆ ವಾಕಿಂಗ್ ಹೋಗುವ ಅಪ್ಪ, ಸ್ಕೂಟಿಯಲ್ಲಿ ಕಾಲೇಜಿಗೆ ಓಡುವ ಮಗಳು, ಮನೆಯಲ್ಲೇ ಇರುವ ಬಾಣಂತಿ: ಮೂವರಿಗೂ ಒಂದೇ ವಸ್ತು ಒಗ್ಗುವುದಿಲ್ಲ.

ಗಾಡಿ ಓಡಿಸುವವರಿಗೆ ಕಣ್ಣುಮುಚ್ಚಿ ಕೌಲ್ ಕೊಡಿ. ಹೆಲ್ಮೆಟ್ ಒಳಗೆ ಹುಡ್ ಸರಿಯಾಗಿ ಕೂರುವುದಿಲ್ಲ. ಉದ್ದ ಮಫ್ಲರ್, ದುಪಟ್ಟಾದ ತುದಿ ಚಕ್ರಕ್ಕೆ ಸಿಕ್ಕರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಕೌಲ್‌ಗೆ ತುದಿಯೇ ಇಲ್ಲ.

ಬಾಣಂತಿಗೆ, ವಯಸ್ಸಾದ ಅತ್ತೆಗೆ, ಅಜ್ಜಿಗೆ ಹುಡ್ ಒಳ್ಳೆಯದು. ಕಿವಿಗೆ ಹತ್ತಿ ಇಟ್ಟು, ಸ್ಕಾರ್ಫ್ ಬಿಗಿದು ಕೂರಿಸುವುದಕ್ಕಿಂತ ಇದು ಹಿತ. ಆದರೆ ತುರುಬು ಕಟ್ಟುವವರಾದರೆ ತುರುಬಿನ ಮೇಲಿಂದಲೇ ಅಳತೆ ತೆಗೆಯಿರಿ. ಇಲ್ಲದಿದ್ದರೆ ಹುಡ್ ಹಿಂದಕ್ಕೆ ಜಾರುತ್ತಲೇ ಇರುತ್ತದೆ. ಹೂ ಮುಡಿಯುವವರಿಗೆ ಇನ್ನೂ ಎರಡು ಬೆರಳು ಸಡಿಲ ಇರಲಿ.

ಯಾವ ವಿದೇಶಿ ಪ್ಯಾಟರ್ನಿನಲ್ಲೂ ನಿಮಗೆ ಸಿಗದ ಒಂದು ಮಾತು: ಜುಮುಕಿ. ಲೇಸ್ ತೂತಿಗೆ ಜುಮುಕಿಯ ಕೊಂಡಿ ಸಿಕ್ಕಿತೆಂದರೆ ಕಿವಿಯೂ ಎಳೆಯುತ್ತದೆ, ಉಲ್ಲನ್ನೂ ಕಿತ್ತು ಬರುತ್ತದೆ. ದಿನಾ ಜುಮುಕಿ ಹಾಕುವವರಿಗೆ ಹುಡ್ ಬೇಡ, ಕೌಲ್ ಸಾಕು. ಬರೀ ಓಲೆ ಇದ್ದರೆ ಅಷ್ಟು ತೊಂದರೆಯಿಲ್ಲ.

ಗಂಡಸರು ಲೇಸ್ ಹಾಕಿಕೊಳ್ಳುವುದಿಲ್ಲ ಅನ್ನುವ ಮಾತು ನಿಜವಲ್ಲ. ಬೂದು, ಕಡುನೀಲಿ, ಕಾಫಿ ಬಣ್ಣದಲ್ಲಿ ಹೆಣೆದು ಕೊಡಿ, ಅದನ್ನು ಲೇಸ್ ಎಂದು ಕರೆಯಬೇಡಿ, ಅಷ್ಟೇ.

ಕೂಸುಗಳ ಕುಲಾವಿಗೆ ಈ ಹೆಣಿಗೆ ನನಗೆ ಇಷ್ಟವಿಲ್ಲ. ಪುಟ್ಟ ಬೆರಳು ತೂತಿನಲ್ಲಿ ಸಿಕ್ಕಿಕೊಳ್ಳುತ್ತದೆ. ಮಾಡಲೇಬೇಕೆಂದರೆ ಒತ್ತಾಗಿ, ತೂತಿಲ್ಲದೆ ಹೆಣೆಯಿರಿ, ಕತ್ತಿಗೆ ಉದ್ದ ದಾರ ಬಿಡಬೇಡಿ, ಮಲಗಿಸುವಾಗ ತೆಗೆದಿಡಲು ತಾಯಿಗೆ ಹೇಳಿ.

ಉಲ್ಲನ್, ಕಡ್ಡಿ

ಕುರಿ ಉಣ್ಣೆ ಅಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಚಳ್ಳಕೆರೆ ಕಂಬಳಿ. ದಖ್ಖನಿ ಕುರಿಯ ಆ ಉಣ್ಣೆ ಒರಟು. ಕಂಬಳಿಯ ನೂಲಿಗೆ ಹುಣಸೆ ಬೀಜದ ಗಂಜಿ ಕೊಟ್ಟು ಇನ್ನಷ್ಟು ಗಟ್ಟಿ ಮಾಡುತ್ತಾರೆ. ಮಳೆ, ಮುಳ್ಳು, ನೆಲ ಎಲ್ಲ ತಡೆಯುವ ಅದು ಕತ್ತಿನ ಚರ್ಮಕ್ಕೆ ಆಗಿ ಬರುವುದಿಲ್ಲ. ನಮಗೆ ಬೇಕಾದದ್ದು ಮೃದುವಾದ ಮೆರಿನೋ ಉಣ್ಣೆ, ಇಲ್ಲವೇ ಉಣ್ಣೆ–ಅಕ್ರಿಲಿಕ್ ಮಿಶ್ರಣ, ಇಲ್ಲವೇ ಒಳ್ಳೆಯ ಅಕ್ರಿಲಿಕ್.

ಅಂಗಡಿಯಲ್ಲಿ ಎಲ್ಲದಕ್ಕೂ "ಉಲ್ಲನ್" ಎಂದೇ ಹೆಸರು. ವರ್ಧಮಾನ್, ಓಸ್ವಾಲ್ ಥರದ ಲೂಧಿಯಾನದ ಕಂಪನಿಗಳ ಉಂಡೆಗಳಲ್ಲೂ ಅಕ್ರಿಲಿಕ್ ಇರುತ್ತದೆ, ಮಿಶ್ರಣ ಇರುತ್ತದೆ. ಚೀಟಿ ಓದಿ ತನ್ನಿ. ಚೀಟಿ ಇಲ್ಲದ ಉಂಡೆಯಾದರೆ ಮನೆಯಲ್ಲಿ ಒಂದು ಪರೀಕ್ಷೆ ಮಾಡಬಹುದು. ಬೆರಳುದ್ದ ದಾರವನ್ನು ಚಿಮಟದಲ್ಲಿ ಹಿಡಿದು, ಬಚ್ಚಲ ಹತ್ತಿರ ಬೆಂಕಿಕಡ್ಡಿ ಗೀರಿ ಸುಡಿ. ನಿಜವಾದ ಉಣ್ಣೆ ಕೂದಲು ಸುಟ್ಟ ವಾಸನೆ ಹೊಡೆಯುತ್ತದೆ, ಬೆಂಕಿ ತೆಗೆದರೆ ತಾನಾಗಿ ಆರುವುದೇ ಜಾಸ್ತಿ, ಉಳಿದ ಕರಿ ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ತುದಿಯಲ್ಲಿ ಗಟ್ಟಿ ಮಣಿಯಾಗುತ್ತದೆ. ಆ ಮಣಿಯನ್ನು ತಣ್ಣಗಾಗುವ ಮೊದಲು ಮುಟ್ಟಬೇಡಿ, ಅಂಟಿಕೊಂಡು ಸುಡುತ್ತದೆ. ಮಿಶ್ರಣವಾದರೆ ಎರಡೂ ಗುಣ ಕಾಣುತ್ತವೆ.

ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರಾಗಿತ್ತು, ಹತ್ತಿ ನೂಲಲ್ಲೇ ಹೆಣೆಯೋಣ ಅಂತ ಆಸೆಯಾಗುವುದು ಸಹಜ. ಉಣ್ಣೆ ಆಗದವರಿಗೆ ಹೆಣೆಯಬಹುದು. ಆದರೆ ಹತ್ತಿಗೆ ಉಣ್ಣೆಯ ಹಾಗೆ ಎಳೆದರೆ ಹಿಂದಕ್ಕೆ ಬರುವ ಗುಣ ಇಲ್ಲ. ತೂಕಕ್ಕೆ ಜೋತು ಬೀಳುತ್ತದೆ. ಹತ್ತಿಯಲ್ಲಿ ಹೆಣೆಯುವುದಾದರೆ ಕೌಲ್‌ನ ಎತ್ತರ ಸ್ವಲ್ಪ ಕಡಿಮೆ ಮಾಡಿ.

ಚುಚ್ಚುತ್ತದೋ ಇಲ್ಲವೋ ಎಂದು ಅಂಗೈಯಲ್ಲಿ ಮುಟ್ಟಿ ನೋಡಿದರೆ ಗೊತ್ತಾಗುವುದಿಲ್ಲ. ಉಂಡೆಯನ್ನು ಗಲ್ಲದ ಕೆಳಗೆ ಕತ್ತಿಗೆ ಒತ್ತಿ ಹಿಡಿಯಿರಿ. ಅಂಗಡಿಯವರು ವಿಚಿತ್ರವಾಗಿ ನೋಡಿದರೆ ನೋಡಲಿ.

ಬೇಕಾದದ್ದು ಇಷ್ಟು: ಡಬಲ್ ನಿಟ್, ಅಂದರೆ ಡಿಕೆ ದಪ್ಪದ ಉಲ್ಲನ್, ಕೌಲ್‌ಗೆ 100 ಗ್ರಾಂ, ಹುಡ್‌ಗೆ 200 ಗ್ರಾಂ. ಕೊನೆಗೆ ಸ್ವಲ್ಪ ಉಳಿಯುತ್ತದೆ, ಉಳಿಯಲಿ. ಚೀಟಿಯ ಮೇಲಿನ ಬಣ್ಣದ ಲಾಟ್ ನಂಬರ್ ಎಲ್ಲ ಉಂಡೆಗೂ ಒಂದೇ ಇದೆಯಾ ನೋಡಿಕೊಳ್ಳಿ. ಬೇರೆ ಲಾಟ್ ಆದರೆ ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಒಂದೇ ಥರ ಕಂಡ ಬಣ್ಣ ಬಿಸಿಲಿಗೆ ಬಂದಾಗ ಎರಡಾಗುತ್ತದೆ. ತಿಳಿ ಬಣ್ಣದಲ್ಲಿ ವಿನ್ಯಾಸ ಎದ್ದು ಕಾಣುತ್ತದೆ. ಕಪ್ಪಿನಲ್ಲಿ ನೀವು ಪಟ್ಟ ಕಷ್ಟ ಯಾರಿಗೂ ಕಾಣಿಸುವುದಿಲ್ಲ, ರಾತ್ರಿ ಹೆಣೆಯುವಾಗ ನಿಮಗೂ ಕಾಣಿಸುವುದಿಲ್ಲ.

ಕಡ್ಡಿ 4.5 ಮಿ.ಮೀ. ಹಳೆಯ ನಂಬರಿನ ಕಡ್ಡಿಯಾದರೆ 7ನೇ ನಂಬರ್. ಈ ಹಳೆಯ ಲೆಕ್ಕದಲ್ಲಿ ನಂಬರ್ ಹೆಚ್ಚಿದಷ್ಟು ಕಡ್ಡಿ ಸಣ್ಣ: 8 ಅಂದರೆ 4 ಮಿ.ಮೀ., 6 ಅಂದರೆ 5 ಮಿ.ಮೀ. ಗಾಳಿ ತಡೆಯಬೇಕಾದ ಹುಡ್‌ಗೆ 8ನೇ ನಂಬರ್ ತೆಗೆದುಕೊಳ್ಳಿ. ತುದಿ ಚೂಪಾಗಿರಲಿ. ಮೊಂಡು ಕಡ್ಡಿಯಲ್ಲಿ ಎರಡು ಕುಣಿಕೆ ಒಟ್ಟಿಗೆ ಎತ್ತುವುದು ಗೋಳು. ಸುತ್ತು ಹೆಣೆಯಲು ವೈರ್ ಇರುವ 60 ಸೆಂ.ಮೀ. ಉದ್ದದ ಸರ್ಕ್ಯುಲರ್ ಕಡ್ಡಿ ಬೇಕು. ಪೇಟೆಯಲ್ಲಿ ಸಿಗದಿದ್ದರೆ ಆನ್‌ಲೈನಲ್ಲಿ ತರಿಸಬಹುದು. ಇದರ ಜೊತೆ ಮೊಂಡು ತುದಿಯ ಉಲ್ಲನ್ ಸೂಜಿ, ಬೇರೆ ಬಣ್ಣದ ಹೊಲಿಗೆ ದಾರ, ಟೇಪು.

ಅಲೆ ವಿನ್ಯಾಸ, ಒಂದು ತುಣುಕಿನಲ್ಲಿ

ನಾನು ಆರಿಸಿಕೊಂಡದ್ದು ಸ್ಕಾಟ್ಲೆಂಡಿನ ಉತ್ತರದಲ್ಲಿರುವ ಶೆಟ್ಲೆಂಡ್ ದ್ವೀಪಗಳ ಹಳೆಯ ವಿನ್ಯಾಸ, ಓಲ್ಡ್ ಶೇಲ್. ಅಲ್ಲಿನ ಹೆಂಗಸರು ಮದುವೆ ಉಂಗುರದೊಳಗಿಂದ ಪೂರ್ತಿ ಶಾಲು ತೂರಿಸುವಷ್ಟು ನವಿರಾಗಿ ಹೆಣೆಯುತ್ತಿದ್ದರು. ರಷ್ಯಾದ ಒರೆನ್‌ಬರ್ಗ್ ಶಾಲುಗಳೂ ಹೀಗೆ ಉಂಗುರದೊಳಗೆ ತೂರುವುದಕ್ಕೆ ಹೆಸರಾದವು. ನಮಗೆ ಅಷ್ಟು ಬೇಡ. ಈ ವಿನ್ಯಾಸದ ದೊಡ್ಡ ಗುಣವೆಂದರೆ ನಾಲ್ಕು ಸಾಲಿನಲ್ಲಿ ಒಂದೇ ಒಂದು ಸಾಲು ಲೇಸ್. ಉಳಿದ ಮೂರನ್ನು ಧಾರಾವಾಹಿ ನೋಡುತ್ತಾ ಹೆಣೆಯಬಹುದು. ಲೇಸ್ ಸಾಲನ್ನು ಜಾಹೀರಾತಿನ ಹೊತ್ತಿಗೆ ಇಟ್ಟುಕೊಳ್ಳಿ.

ಒಂದು ಅಲೆಗೆ 18 ಕುಣಿಕೆ. ಮೊದಲು 36 ಕುಣಿಕೆ ಏರಿಸಿ ತುಣುಕೊಂದನ್ನು ಹೆಣೆದು ನೋಡಿ:

1ನೇ ಸಾಲು: ಎಲ್ಲಾ ಸೀದಾ.
2ನೇ ಸಾಲು: ಎಲ್ಲಾ ಉಲ್ಟಾ.
3ನೇ ಸಾಲು: ಎರಡು ಕುಣಿಕೆ ಸೇರಿಸಿ ಒಂದು ಸೀದಾ, ಹೀಗೆ 3 ಸಲ. ದಾರ ಮುಂದೆ ತಂದು ಒಂದು ಸೀದಾ, ಹೀಗೆ 6 ಸಲ. ಮತ್ತೆ ಎರಡು ಸೇರಿಸಿ ಒಂದು, 3 ಸಲ. ಮುಂದಿನ ಅಲೆಗೂ ಇದೇ.
4ನೇ ಸಾಲು: ಎಲ್ಲಾ ಸೀದಾ.

ಮೂರನೇ ಸಾಲನ್ನು ಸ್ವಲ್ಪ ಬಿಡಿಸಿ ನೋಡೋಣ. ಶುರುವಿನಲ್ಲಿ 6 ಕುಣಿಕೆ ಸೇರಿ 3 ಆದವು. ನಡುವಿನ 6 ಕುಣಿಕೆಗೆ ಮೊದಲು ಒಂದೊಂದು ದಾರ ಹೆಚ್ಚಿಗೆ ಬಂದು 12 ಆದವು. ಕೊನೆಯ 6 ಮತ್ತೆ 3 ಆದವು. 3, 12, 3: ಅಲ್ಲಿಗೆ ಮತ್ತೆ 18. ಬದಿಯಲ್ಲಿ ಬಟ್ಟೆ ಬಿಗಿಯುತ್ತದೆ, ನಡುವೆ ಹರಡುತ್ತದೆ. ಅದಕ್ಕೇ ಅಲೆ ತಾನಾಗಿ ಏಳುತ್ತದೆ, ಅಂಚೂ ತಾನಾಗಿ ಬಳುಕುತ್ತದೆ.

"ದಾರ ಮುಂದೆ" ಎಂದರೆ ಇಷ್ಟೇ. ದಾರವನ್ನು ಎರಡು ಕಡ್ಡಿಯ ನಡುವಿನಿಂದ ನಿಮ್ಮ ಕಡೆಗೆ ತನ್ನಿ. ಹಿಂದಕ್ಕೆ ಹಾಕದೆ, ಹಾಗೇ ಮುಂದಿನ ಕುಣಿಕೆಯನ್ನು ಸೀದಾ ಹೆಣೆಯಿರಿ. ದಾರ ಬಲಗಡ್ಡಿಯ ಮೇಲಿಂದ ಅಡ್ಡ ಹಾದು ಹೊಸದೊಂದು ಕುಣಿಕೆಯ ಹಾಗೆ ಕೂರುತ್ತದೆ. ಮುಂದಿನ ಸಾಲಿನಲ್ಲಿ ಅದನ್ನೂ ಹೆಣೆದಾಗ ಕೆಳಗೆ ತೂತು ಉಳಿಯುತ್ತದೆ. ಎರಡು ಕುಣಿಕೆ ಸೇರಿಸುವಾಗ ಕಡ್ಡಿ ಒಳಹೋಗದೆ ಹಟ ಮಾಡಿದರೆ, ಹೆಣೆದ ಬಟ್ಟೆಯನ್ನು ಒಮ್ಮೆ ಕೆಳಕ್ಕೆ ಜಗ್ಗಿ. ಕುಣಿಕೆಗಳು ಬಾಯಿ ಬಿಡುತ್ತವೆ.

ತುಣುಕು ಮುಗಿದ ಮೇಲೆ ಒದ್ದೆ ಮಾಡಿ, ಹರಡಿ ಒಣಗಿಸಿ, ಆಮೇಲೆ ಅಳೆಯಿರಿ. ಒಂದು ಅಲೆ ಸುಮಾರು 9 ಸೆಂ.ಮೀ. ಅಗಲ ಬಂದರೆ ಸರಿ. 8 ಬಂದರೆ ನಿಮ್ಮ ಕೈ ಬಿಗಿ, ಕಡ್ಡಿ ಒಂದು ಸೈಜ್ ದೊಡ್ಡದು ಮಾಡಿ. ಇಷ್ಟಕ್ಕೆಲ್ಲ ಯಾಕೆ ತುಣುಕು ಎಂದು ಅನ್ನಿಸಬಹುದು. ತಲೆಯೊಳಗೆ ಹೋಗದ ಕೌಲ್ ಯಾರಿಗೂ ಕೊಡಲು ಬರುವುದಿಲ್ಲ, ನೆನಪಿರಲಿ.

ಕೌಲ್

ದೊಡ್ಡವರಿಗೆ ಏಳು ಅಲೆ, 126 ಕುಣಿಕೆ, ಸುತ್ತಳತೆ ಸುಮಾರು 63 ಸೆಂ.ಮೀ. ಎಂಟು ಹತ್ತು ವರ್ಷದ ಮಕ್ಕಳಿಗೆ ಆರು ಅಲೆ, 108 ಕುಣಿಕೆ ಸಾಕು.

ಕುಣಿಕೆ ಏರಿಸುವಾಗ ಒಂದು ಸೈಜ್ ದೊಡ್ಡ ಕಡ್ಡಿಯಲ್ಲಿ, ಸಡಿಲವಾಗಿ ಏರಿಸಿ. ತಲೆ ತೂರಬೇಕಾದದ್ದು ಈ ಅಂಚಿನೊಳಗೇ. ಪ್ರತಿ 18 ಕುಣಿಕೆಗೆ ಒಂದು ಗುರುತು ಹಾಕಿ, ಬೇರೆ ಬಣ್ಣದ ಉಲ್ಲನ್ ಚೂರನ್ನು ಗಂಟು ಹಾಕಿ ಉಂಗುರ ಮಾಡಿದರೆ ಆಯಿತು. ಸುತ್ತು ಶುರುವಾಗುವ ಕಡೆಯದು ಎದ್ದು ಕಾಣುವ ಬಣ್ಣ ಇರಲಿ. ಸುತ್ತು ಸೇರಿಸುವ ಮೊದಲು ಕಡ್ಡಿಯನ್ನು ಟೇಬಲ್ ಮೇಲಿಟ್ಟು, ಕುಣಿಕೆಗಳ ಬುಡವೆಲ್ಲ ಒಳಮುಖವಾಗಿದೆಯಾ, ಎಲ್ಲೂ ತಿರುಚಿಲ್ಲವಾ ನೋಡಿ. ಒಮ್ಮೆ ತಿರುಚಿಕೊಂಡರೆ ಬಿಚ್ಚುವುದೊಂದೇ ದಾರಿ.

ಸುತ್ತು ಹೆಣೆಯುವಾಗ ಬಟ್ಟೆಯ ಮುಂಭಾಗವೇ ಸದಾ ನಿಮ್ಮ ಕಡೆ ಇರುತ್ತದೆ. ಆದ್ದರಿಂದ ಸಾಲುಗಳು ಬದಲಾಗುತ್ತವೆ: 1 ಮತ್ತು 2ನೇ ಸುತ್ತು ಸೀದಾ, 3ನೇ ಸುತ್ತು ಲೇಸ್, 4ನೇ ಸುತ್ತು ಎಲ್ಲಾ ಉಲ್ಟಾ. ಇಷ್ಟನ್ನೇ 14–15 ಸಲ ಮಾಡಿದರೆ ಸುಮಾರು 24 ಸೆಂ.ಮೀ. ಎತ್ತರ ಬರುತ್ತದೆ. ಬೇರೆ ಬಾರ್ಡರ್ ಬೇಡ, ಹಾಕಿದರೆ ಅಂಚಿನ ಅಲೆ ಸತ್ತುಹೋಗುತ್ತದೆ.

ನಾಲ್ಕನೇ ಸುತ್ತಿನಲ್ಲಿ ಗುರುತಿನಿಂದ ಗುರುತಿಗೆ ಎಣಿಸಿಕೊಂಡು ಹೋಗಿ. 17 ಬಂದರೆ ಒಂದು ಕಡೆ ದಾರ ಮುಂದೆ ತರುವುದು ಮರೆತುಹೋಗಿದೆ ಎಂದರ್ಥ. ಬಿಚ್ಚಬೇಕಿಲ್ಲ. ತೂತು ಇರಬೇಕಾದ ಕಡೆ ಎರಡು ಕುಣಿಕೆಯ ನಡುವೆ ಅಡ್ಡ ದಾರ ಕಾಣುತ್ತದೆ. ಎಡಗಡ್ಡಿಯ ತುದಿಯಿಂದ ಅದನ್ನು ಎತ್ತಿ ಕುಣಿಕೆಯಂತೆ ಹೆಣೆಯಿರಿ. ತೂತು ಕೊಂಚ ಸಣ್ಣದಾಗುತ್ತದೆ, ತೊಳೆದ ಮೇಲೆ ಗೊತ್ತಾಗುವುದಿಲ್ಲ.

ಲೇಸ್ ಬಿಚ್ಚಿದರೆ ಕುಣಿಕೆ ಹಿಡಿಯುವುದು ಕಷ್ಟ. ಆದ್ದರಿಂದ ಈ ನಾಲ್ಕು ಸುತ್ತನ್ನು ಐದಾರು ಸಲ ಹೆಣೆದಾಗೊಮ್ಮೆ, ಎರಡನೇ ಸುತ್ತು ಮುಗಿದಾಗ, ಉಲ್ಲನ್ ಸೂಜಿಗೆ ಹೊಲಿಗೆ ದಾರ ಪೋಣಿಸಿ ಕಡ್ಡಿಯ ಮೇಲಿನ ಎಲ್ಲ ಕುಣಿಕೆಯೊಳಗಿಂದ ಹಾಯಿಸಿ ಬಿಡಿ. ಗುರುತಿನ ಉಂಗುರಗಳೊಳಗೆ ಹಾಯಿಸಬೇಡಿ. ಮುಂದೆ ಏನಾದರೂ ಕೆಟ್ಟರೆ ಆ ದಾರದವರೆಗೆ ಧೈರ್ಯವಾಗಿ ಬಿಚ್ಚಬಹುದು.

ಮುಗಿಸುವಾಗಲೂ ಸಡಿಲ ಬೇಕು. ಎರಡು ಕುಣಿಕೆ ಸೀದಾ ಹೆಣೆದು, ಎರಡನ್ನೂ ಎಡಗಡ್ಡಿಗೆ ವಾಪಸ್ ಹಾಕಿ, ಎರಡನ್ನೂ ಹಿಂಬದಿಯಿಂದ ಸೇರಿಸಿ ಒಂದಾಗಿ ಹೆಣೆಯಿರಿ. ಇನ್ನೊಂದು ಸೀದಾ, ಮತ್ತೆ ಎರಡನ್ನೂ ವಾಪಸ್, ಮತ್ತೆ ಸೇರಿಸಿ. ಹೀಗೆ ಮುಗಿಸಿದ ಅಂಚು ಚೆನ್ನಾಗಿ ಹಿಗ್ಗುತ್ತದೆ.

ಸರ್ಕ್ಯುಲರ್ ಕಡ್ಡಿ ಇಲ್ಲದವರು ಎರಡು ನೇರ ಕಡ್ಡಿಯಲ್ಲೇ 128 ಕುಣಿಕೆ ಏರಿಸಿ, ತುಣುಕಿನ ಹಾಗೆ ಹಿಂದೆ ಮುಂದೆ ಹೆಣೆದು, ಕೊನೆಗೆ ಬದಿ ಹೊಲಿಯಬಹುದು. ಎರಡು ಬದಿಯ ಒಂದೊಂದು ಕುಣಿಕೆ ಹೊಲಿಗೆಯೊಳಗೆ ಹೋಗುತ್ತದೆ.

ಹುಡ್

ಹುಡ್ ಅಂದರೆ ಕೌಲ್‌ನ ಮುಂದುವರಿಕೆ. 126 ಕುಣಿಕೆಯಲ್ಲೇ ಶುರು ಮಾಡಿ, 15 ಸೆಂ.ಮೀ. ಎತ್ತರದವರೆಗೆ ಸುತ್ತು ಹೆಣೆಯಿರಿ. ನಾಲ್ಕನೇ ಸುತ್ತಿಗೆ ನಿಲ್ಲಿಸಿ. ಈಗ ಮುಖದ ಬಾಯಿ ತೆರೆಯಬೇಕು.

ಮುಂದಿನ ಸುತ್ತಿನಲ್ಲಿ 3 ಸೀದಾ ಹೆಣೆದು, 12 ಕುಣಿಕೆ ಮುಚ್ಚಿ. ಇದು ಗಲ್ಲದ ಕೆಳಗಿನ ಜಾಗ. ಉಳಿದದ್ದನ್ನು ಸುತ್ತಿನ ಕೊನೆವರೆಗೆ ಸೀದಾ ಹೆಣೆದು, ಶುರುವಿನ ಆ 3 ಕುಣಿಕೆಯನ್ನೂ ಸೇರಿಸಿಕೊಂಡು ನಿಲ್ಲಿ. ಕಡ್ಡಿಯ ಮೇಲೆ 114 ಕುಣಿಕೆ ಇರಬೇಕು. ಇನ್ನು ಸುತ್ತಿಲ್ಲ. ತಿರುಗಿಸಿ ಹಿಂದೆ ಮುಂದೆ ಹೆಣಿಗೆ. ಎರಡೂ ತುದಿಯ 3 ಕುಣಿಕೆ ಎಲ್ಲ ಸಾಲಿನಲ್ಲೂ ಸೀದಾ, ಅದರಿಂದ ಮುಖದ ಅಂಚು ಸುರುಳಿ ಸುತ್ತುವುದಿಲ್ಲ. ನಡುವಿನ 108 ಕುಣಿಕೆಗೆ ಆರು ಅಲೆ, ತುಣುಕಿನಲ್ಲಿ ಹೆಣೆದ ನಾಲ್ಕು ಸಾಲಿನ ಪ್ರಕಾರ. ಸೀದಾ ಸಾಲು ಆಗಲೇ ಹೆಣೆದಾಗಿದೆ, ಆದ್ದರಿಂದ ತಿರುಗಿಸಿದ ಕೂಡಲೇ ಎರಡನೇ ಸಾಲು.

ಎತ್ತರ 30 ಸೆಂ.ಮೀ., ತುರುಬು ಇದ್ದರೆ 33. ಆಮೇಲೆ 57–57 ಕುಣಿಕೆ ಎರಡು ಕಡ್ಡಿಗೆ ಭಾಗ ಮಾಡಿ. ಮುಂಭಾಗಗಳು ಒಳಗೆ ಮುಖಾಮುಖಿಯಾಗುವ ಹಾಗೆ ಮಡಚಿ. ಮೂರನೇ ಕಡ್ಡಿಯಿಂದ ಆ ಕಡೆಯ ಒಂದು, ಈ ಕಡೆಯ ಒಂದು ಕುಣಿಕೆ ಸೇರಿಸಿ ಹೆಣೆಯುತ್ತಾ, ಜೊತೆಜೊತೆಗೇ ಮುಚ್ಚುತ್ತಾ ಬನ್ನಿ. ತಿರುವಿದರೆ ನೆತ್ತಿಯ ಮೇಲೆ ಸಣ್ಣ ಹೊಲಿಗೆ ಸಾಲು ಕಾಣುತ್ತದೆ, ಅಷ್ಟೇ. ಹಿಂದೆ ಮೂಲೆ ಚೂಪಾಗಿ ನಿಲ್ಲುತ್ತದೆ. ಮಕ್ಕಳಿಗೆ ಅದೇ ಇಷ್ಟ. ದೊಡ್ಡವರಿಗಾದರೆ ಒಳಕ್ಕೆ ಮಡಚಿ ಎರಡು ಹೊಲಿಗೆ ಹಾಕಿ.

8ನೇ ನಂಬರ್ ಕಡ್ಡಿಯಲ್ಲಿ ಹೆಣೆದರೆ ಅಲೆಯ ಅಗಲ ಕಡಿಮೆ ಬರುತ್ತದೆ. ಮೊದಲೇ ತುಣುಕಿನಲ್ಲಿ ಅಳೆದು, ಬೇಕಿದ್ದರೆ ಒಂದು ಅಲೆ ಸೇರಿಸಿ 144 ಕುಣಿಕೆಯಿಂದ ಶುರು ಮಾಡಿ. ಆಗ ಬಾಯಿ ತೆರೆದ ಮೇಲೆ 132 ಉಳಿಯುತ್ತವೆ, ಕೊನೆಗೆ 66–66.

ನೀರು ಕಾಣಿಸುವುದು

ಕಡ್ಡಿಯಿಂದ ಇಳಿದ ಲೇಸ್ ಮುದುಡಿ ಬಿದ್ದಿರುತ್ತದೆ. ಬೇಸರ ಬೇಡ. ಉಣ್ಣೆಯಾದರೆ ಉಗುರುಬೆಚ್ಚಗಿನ ನೀರಲ್ಲಿ ಇಪ್ಪತ್ತು ನಿಮಿಷ ನೆನೆಹಾಕಿ. ಉಜ್ಜಬೇಡಿ, ಹಿಂಡಬೇಡಿ. ಬಿಸಿನೀರು, ಉಜ್ಜಾಟ ಎರಡೂ ಸೇರಿದರೆ ಉಣ್ಣೆ ಜಡೆಗಟ್ಟುತ್ತದೆ. ಅಂಗೈಯಲ್ಲಿ ಒತ್ತಿ ನೀರು ತೆಗೆದು, ಟವೆಲಿನಲ್ಲಿ ಸುತ್ತಿ, ಮೇಲೆ ಮೊಣಕೈ ಊರಿ. ಆಮೇಲೆ ಹಾಸಿಗೆಯ ಮೇಲೆ ಇನ್ನೊಂದು ಟವೆಲ್ ಹಾಸಿ, ಎಳೆದು ಹರಡಿ. ಅಂಚಿನ ಒಂದೊಂದು ಅಲೆಯ ತುದಿಗೂ ತುಕ್ಕು ಹಿಡಿಯದ ಗುಂಡುಪಿನ್ ಚುಚ್ಚಿ. ಕೌಲ್ ಒಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟರೆ ಬದಿಯಲ್ಲಿ ಮಡಿಕೆ ಗೆರೆ ಬೀಳುವುದಿಲ್ಲ. ಫ್ಯಾನ್ ಹಾಕಿ ಬಿಟ್ಟರೆ ನಮ್ಮ ಒಣ ಹವೆಗೆ ಬೇಗ ಒಣಗುತ್ತದೆ. ಅಂಗಳದಲ್ಲಿ ಮಾತ್ರ ಹರಡಬೇಡಿ, ಧೂಳು ಕೂತು ಮತ್ತೆ ತೊಳೆಯಬೇಕಾಗುತ್ತದೆ.

ಅಕ್ರಿಲಿಕ್ ನೀರಿನ ಮಾತು ಕೇಳುವುದಿಲ್ಲ, ಒಣಗಿದ ಮೇಲೆ ಮತ್ತೆ ಮುದುಡುತ್ತದೆ. ಅದಕ್ಕೆ ಹಬೆ ಬೇಕು. ಪಿನ್ ಚುಚ್ಚಿ ಹರಡಿ, ಹಬೆ ಇಸ್ತ್ರಿಪೆಟ್ಟಿಗೆಯನ್ನು ಎರಡು ಬೆರಳು ಮೇಲೆ ಹಿಡಿದು ಹಬೆ ಬಿಡಿ. ತಾಗಿಸಿದರೆ ಬಟ್ಟೆ ಜೀವ ಕಳೆದುಕೊಂಡು ಚಪ್ಪಟೆಯಾಗುತ್ತದೆ, ಮತ್ತೆ ಸರಿಯಾಗುವುದಿಲ್ಲ.

ಕೊಡುವಾಗ ಒಂದು ಚೀಟಿ ಇಡಿ: ಯಾವ ಉಲ್ಲನ್, ಹೇಗೆ ತೊಳೆಯಬೇಕು, ಹ್ಯಾಂಗರಿಗೆ ನೇತು ಹಾಕದೆ ಮಡಚಿ ಇಡಬೇಕು. ಉಣ್ಣೆಯದಾದರೆ "ವಾಷಿಂಗ್ ಮೆಷಿನ್‌ಗೆ ಹಾಕಬೇಡಿ" ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಮನೆಯಲ್ಲಿ ಬಟ್ಟೆ ಒಗೆಯುವವರು ಬೇರೆಯವರಾದರೆ ಅವರಿಗೂ ಒಂದು ಮಾತು ಹೇಳಿ. ಉಳಿದ ಉಲ್ಲನ್‌ನಲ್ಲಿ ಒಂದೆರಡು ಮೀಟರ್ ಸುತ್ತಿ ಚೀಟಿಯ ಜೊತೆ ಇಟ್ಟರೆ, ಎಲ್ಲಾದರೂ ಕಿತ್ತುಬಂದಾಗ ಅದೇ ಬಣ್ಣದಲ್ಲಿ ಸರಿಮಾಡಿಕೊಳ್ಳಬಹುದು.